‘ಮಂಪರು ಪರೀಕ್ಷೆ ಮಾಡಿಸಿದ್ರೆ ಸತ್ಯ ಹೊರಗೆ ಬರಲ್ವಾ?’

ಯಾವುದಾದರೂ ಕೊಲೆ ಕೇಸು ಟಿವಿಯಲ್ಲಿ ಎರಡು ದಿನ ಓಡಿದರೆ ಸಾಕು, ಈ ಪ್ರಶ್ನೆ ನನಗೆ ಬಂದೇ ಬರುತ್ತದೆ. ಕಾಲೇಜಿನಲ್ಲಿ ವಿಧಿವಿಜ್ಞಾನ ಪಾಠ ಮಾಡುವವನು ನಾನು, ಅದಕ್ಕೇ ಇರಬೇಕು. ‘ಅಷ್ಟೆಲ್ಲ ತನಿಖೆ ಯಾಕೆ ಸಾರ್? ಒಂದು ಇಂಜೆಕ್ಷನ್ ಕೊಟ್ಟರೆ ಅವನೇ ಬಾಯಿ ಬಿಡ್ತಾನಲ್ವಾ?’

ಬಾಯಿ ಬಿಡುತ್ತಾನೆ, ನಿಜ. ಬಿಟ್ಟ ಬಾಯಿಂದ ಏನು ಬರುತ್ತದೆ ಅನ್ನುವುದೇ ತೊಂದರೆ.

ಆ ಇಂಜೆಕ್ಷನ್ನಿನಲ್ಲಿ ಸಾಮಾನ್ಯವಾಗಿ ಇರುವುದು ಸೋಡಿಯಂ ಪೆಂಟೊಥಾಲ್, ಅಂದರೆ ಅರಿವಳಿಕೆಯ ಔಷಧ. ಕಡಿಮೆ ಪ್ರಮಾಣದಲ್ಲಿ ನಿಧಾನವಾಗಿ ರಕ್ತಕ್ಕೆ ಹರಿಸಿದರೆ ಪೂರ್ತಿ ನಿದ್ದೆಯೂ ಇಲ್ಲ, ಪೂರ್ತಿ ಎಚ್ಚರವೂ ಇಲ್ಲ. ಸಂಕೋಚ, ಭಯ ಸಡಿಲವಾಗಿ ಮಾತು ಬರುತ್ತದೆ. ಆದರೆ ನೆನಪು, ಕಲ್ಪನೆ, ಪ್ರಶ್ನೆ ಕೇಳಿದವರೇ ಬಾಯಿಗೆ ಇಟ್ಟ ಮಾತು ಎಲ್ಲ ಕಲಸಿಕೊಂಡು ಬರುತ್ತದೆ. ‘ಚಾಕು ಕೆರೆಗೆ ಎಸೆದೆಯಾ?’ ಅಂದರೆ ‘ಹೂಂ’ ಅಂದುಬಿಡಬಹುದು. ಚಾಕುವೇ ಇಲ್ಲದ ಕೇಸಿನಲ್ಲೂ! ಇನ್ನು ಗಟ್ಟಿಗರು ಆ ಸ್ಥಿತಿಯಲ್ಲೂ ಸುಳ್ಳು ಹೇಳಬಲ್ಲರು.

ಈ ನಂಬಿಕೆ ಹುಟ್ಟಿದ್ದು ಹೆರಿಗೆಯ ಕೋಣೆಯಲ್ಲಿ. ಅಮೆರಿಕದ ಟೆಕ್ಸಾಸ್‌ನ ಡಾಕ್ಟರ್ ರಾಬರ್ಟ್ ಹೌಸ್ ಹೆರಿಗೆಗೆ ಸ್ಕೋಪೊಲಮೈನ್ ಅನ್ನುವ ಮಂಪರಿನ ಔಷಧ ಕೊಡುತ್ತಿದ್ದರು. ಮಗುವನ್ನು ತೂಗಲು ತಕ್ಕಡಿ ಎಲ್ಲಿದೆ ಎಂದು ಅವರು ಒಮ್ಮೆ ಕೇಳಿದಾಗ ಮಂಪರಿನಲ್ಲಿದ್ದ ತಾಯಿಯೇ ಸರಿಯಾಗಿ ಉತ್ತರ ಕೊಟ್ಟಳಂತೆ. 1922ರಲ್ಲಿ ಅವರು ಇದನ್ನು ಡಲ್ಲಾಸ್ ಜೈಲಿನ ಕೈದಿಗಳ ಮೇಲೆ ಪ್ರಯೋಗಿಸಿದರು. ತಕ್ಕಡಿಯ ವಿಷಯದಲ್ಲಿ ಸುಳ್ಳು ಹೇಳಲು ಆ ತಾಯಿಗೆ ಕಾರಣವೇ ಇರಲಿಲ್ಲ ಅನ್ನುವುದು ಆ ಹುರುಪಿನಲ್ಲಿ ಮರೆತುಹೋಯಿತು.

ನಮ್ಮ ಬೆಂಗಳೂರು ಒಂದು ಕಾಲದಲ್ಲಿ ಈ ಪರೀಕ್ಷೆಗೆ ದೇಶಕ್ಕೇ ಹೆಸರುವಾಸಿ. ನಕಲಿ ಛಾಪಾಕಾಗದ ಹಗರಣದ ತೆಲಗಿಗೂ ಇಲ್ಲೇ ಪರೀಕ್ಷೆ ಆಯಿತು. ಆಮೇಲೆ ಅದರ ವಿಡಿಯೊ ಟಿವಿಯಲ್ಲೂ ಬಂತು. ಜನರ ತಲೆಯಲ್ಲಿ ‘ಇಂಜೆಕ್ಷನ್ ಅಂದರೆ ಸತ್ಯ’ ಅಂತ ಕೂತದ್ದು ಆಗಲೇ ಅಂತ ನನ್ನ ಗುಮಾನಿ.

ಇದಕ್ಕೆ ತಡೆ ಬಿದ್ದದ್ದೂ ಕರ್ನಾಟಕದ ಹೆಸರಿನ ಕೇಸಿನಲ್ಲೇ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ 2010ರ ಮೇ 5ರಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮಂಪರು, ಸುಳ್ಳು ಪತ್ತೆ, ಬ್ರೈನ್ ಮ್ಯಾಪಿಂಗ್ (ಮಿದುಳಿನ ವಿದ್ಯುತ್ ಅಲೆಗಳನ್ನು ನೋಡುವ ಪರೀಕ್ಷೆ), ಈ ಮೂರರಲ್ಲಿ ಯಾವುದನ್ನೂ ಯಾರ ಮೇಲೂ ಬಲವಂತವಾಗಿ ಮಾಡುವಂತಿಲ್ಲ. ಒಪ್ಪಿ ಮಾಡಿಸಿಕೊಂಡರೂ ಆ ಮಾತು ನೇರವಾಗಿ ಸಾಕ್ಷ್ಯ ಆಗುವುದಿಲ್ಲ. ಆದರೆ ಒಪ್ಪಿಗೆಯ ಪರೀಕ್ಷೆಯಿಂದ ಸಿಕ್ಕ ಸುಳಿವು ಹಿಡಿದು ಹೋಗಿ ಏನಾದರೂ ವಸ್ತು ಪತ್ತೆಯಾದರೆ, ಅದನ್ನು ಕೋರ್ಟ್ ಪರಿಗಣಿಸಬಹುದು.

ಈ ಕೊನೆಯ ಮಾತನ್ನು ಸ್ವಲ್ಪ ಗಮನಿಸಿ. ನಮ್ಮ ಕಾನೂನಿನಲ್ಲಿ ಪೊಲೀಸರ ಮುಂದೆ ಆರೋಪಿ ಕೊಟ್ಟ ತಪ್ಪೊಪ್ಪಿಗೆಗೇ ಬೆಲೆ ಇಲ್ಲ, ಇಂಜೆಕ್ಷನ್ ಇಲ್ಲದಿದ್ದರೂ. ‘ಮಚ್ಚಿನಿಂದ ಹೊಡೆದೆ, ಬಾವಿಯ ಪಕ್ಕ ಹೂತಿಟ್ಟಿದ್ದೇನೆ’ ಅಂದನೆನ್ನಿ. ಅವನು ತೋರಿಸಿದಲ್ಲಿ ಮಚ್ಚು ಸಿಕ್ಕರೆ, ‘ಹೂತಿಟ್ಟಿದ್ದೇನೆ’ ಅನ್ನುವಷ್ಟು ಮಾತ್ರ ಕೋರ್ಟಿಗೆ ಬೇಕು. ‘ಹೊಡೆದೆ’ ಅನ್ನುವುದನ್ನು ಮಚ್ಚಿನ ಮೇಲಿನ ರಕ್ತ ಹೇಳಬೇಕು.

ಆ ರಕ್ತ ಸುಮ್ನೆ ಹೇಳುವುದಿಲ್ಲ. ರಕ್ತ ಹತ್ತಿದ ಒದ್ದೆ ಬಟ್ಟೆಯನ್ನು ಹಾಗೇ ಪ್ಲಾಸ್ಟಿಕ್ ಕವರಿಗೆ ತುರುಕಿದರೆ ಶಿಲೀಂಧ್ರ ಬೆಳೆದು ಡಿಎನ್‌ಎ ಹಾಳಾಗುತ್ತದೆ. ನೆರಳಲ್ಲಿ ಒಣಗಿಸಿ ಕಾಗದದ ಕವರಿಗೆ ಹಾಕಬೇಕು. ಪಂಚರ ಮುಂದೆ ಮಹಜರು ಆಗಬೇಕು, ಸೀಲು ಬೀಳಬೇಕು. ಠಾಣೆಯಿಂದ ವಿಧಿವಿಜ್ಞಾನ ಪ್ರಯೋಗಾಲಯದವರೆಗೆ ಅದು ಯಾರ ಯಾರ ಕೈಯಲ್ಲಿತ್ತು ಅನ್ನುವುದಕ್ಕೆ ಬರಹ ಇರಬೇಕು. ಕಳಿಸಿದ ಸೀಲು, ತಲುಪಿದ ಸೀಲು ತಾಳೆಯಾಗಲಿಲ್ಲವೋ, ಆರೋಪಿಯ ವಕೀಲರಿಗೆ ಹಬ್ಬ. ಒಳಗಿನ ಡಿಎನ್‌ಎ ಎಷ್ಟೇ ಹೊಂದಲಿ, ‘ಇದು ಅದೇ ಬಟ್ಟೆ ಅಂತ ಹೇಗೆ ನಂಬೋಣ?’ ಅನ್ನುತ್ತಾರೆ. ಕೇಳಬೇಕಾದ ಪ್ರಶ್ನೆಯೇ ಅದು. ಎಲ್ಲ ಸರಿಯಿದ್ದರೂ ಡಿಎನ್‌ಎ ಹೇಳುವುದು ಈ ರಕ್ತ ಯಾರದು ಅಂತ ಮಾತ್ರ. ಯಾವಾಗ ಬಿತ್ತು, ಹೇಗೆ ಬಿತ್ತು ಅನ್ನುವುದನ್ನು ಬೇರೆ ಸಾಕ್ಷ್ಯಗಳಿಂದಲೇ ತಿಳಿಯಬೇಕು.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಅಪರಾಧಗಳ ತನಿಖೆ, ವಿಚಾರಣೆ ಹೇಗಿರಬೇಕು ಅಂತ ಹೇಳುವ ಕಾನೂನು, ಏಳು ವರ್ಷ ಅಥವಾ ಅದಕ್ಕಿಂತ ಜಾಸ್ತಿ ಶಿಕ್ಷೆ ಇರುವ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೇ ಹೋಗಬೇಕು ಅನ್ನುತ್ತದೆ. ಇದನ್ನು ಹಂತಹಂತವಾಗಿ ಜಾರಿಗೆ ತರಲು ರಾಜ್ಯಗಳಿಗೆ ಐದು ವರ್ಷದವರೆಗೆ ಸಮಯವಿದೆ. ನನ್ನ ಕೇಳಿದರೆ ನೂರು ಮಂಪರು ಪರೀಕ್ಷೆಗಿಂತ ಈ ಒಂದು ನಿಯಮ ದೊಡ್ಡದು. ಜನ ಮುಗಿಬಿದ್ದು ಜಾಗ ತುಳಿಯುವ ಮೊದಲು ತಜ್ಞರು ಅಲ್ಲಿದ್ದರೆ ಅರ್ಧ ಕೇಸು ಉಳಿಯುತ್ತದೆ.

‘ಆರೋಪಿಯೇ ರೆಡಿ ಅಂತಿದ್ದಾನಲ್ಲ ಸಾರ್?’ ಇದೂ ಕೇಳುವ ಪ್ರಶ್ನೆಯೇ. ಟಿವಿಯಲ್ಲಿ ‘ನಮ್ಮ ಕಕ್ಷಿದಾರರು ಮಂಪರು ಪರೀಕ್ಷೆಗೂ ಸಿದ್ಧ’ ಅನ್ನುವುದು ಕೇಳಲು ಚೆನ್ನಾಗಿರುತ್ತದೆ. ಬಿಹಾರದ ಒಂದು ಪ್ರಕರಣದಲ್ಲಿ 2025ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೂ ಉತ್ತರ ಕೊಟ್ಟಿದೆ: ಸೂಕ್ತ ಹಂತದಲ್ಲಿ ಆರೋಪಿ ಕೇಳಿಕೊಳ್ಳಬಹುದು, ಆದರೆ ಕೇಳಿದ ಕೂಡಲೇ ಕೊಡಲೇಬೇಕಾದ ಹಕ್ಕು ಅದಲ್ಲ. ಒಪ್ಪಿಗೆ ನಿಜವಾಗಿಯೂ ಅವನದೇ ಹೌದೋ, ತಕ್ಕ ರಕ್ಷಣೆ ಇದೆಯೋ ಅಂತ ಕೋರ್ಟ್ ಎಲ್ಲವನ್ನೂ ನೋಡಿ ತೀರ್ಮಾನಿಸುತ್ತದೆ.