ಟ್ರ್ಯಾಕ್ಟರ್‌ನಿಂದ ಕಟ್ಟಿಗೆ ಒಡೆಯಲು ಆಯಿಲ್ ಲೆಕ್ಕ

ಮಲೆನಾಡಿನ ಒಂದು ವರ್ಕ್‌ಶಾಪ್‌ನಲ್ಲಿ ಹೈಡ್ರಾಲಿಕ್ ಕೆಲಸ ಮಾಡುತ್ತೇನೆ. ಅಡಿಕೆ ಕೊಯ್ಲು ಹತ್ತಿರ ಬಂತೆಂದರೆ ಕಟ್ಟಿಗೆ ಒಡೆಯುವ ಮೆಷಿನ್ ಕೇಳಿಕೊಂಡು ಬರುವವರು ಜಾಸ್ತಿ. ಅಡಿಕೆ ಬೇಯಿಸಲು ಸೌದೆ ಬೇಕು, ಕೊಡಲಿ ಹಿಡಿಯುವ ಆಳು ಸಿಗುವುದಿಲ್ಲ, ಟ್ರ್ಯಾಕ್ಟರ್ ಅಂಗಳದಲ್ಲಿ ಸುಮ್ನೆ ನಿಂತಿರುತ್ತದೆ. ಎಲ್ಲರ ಮೊದಲ ಪ್ರಶ್ನೆ, "ಎಷ್ಟು ಟನ್ ಮಾಡಿಕೊಡ್ತೀಯ ಮಾರಾಯ?"

ಟನ್ ಕೊಡುವುದು ಕಷ್ಟವಲ್ಲ. ಆಯಿಲ್ ಒತ್ತಡದಿಂದ ಕಟ್ಟಿಗೆ ತಳ್ಳುವ ಸಿಲಿಂಡರೇ ಜಾಕ್. 100 ಮಿ.ಮೀ. ಒಳಅಳತೆಯ ಜಾಕ್‌ಗೆ 175 ಬಾರ್ ಪ್ರೆಶರ್ ಕೊಟ್ಟರೆ ಸುಮಾರು 14 ಟನ್ ಬಲ ಬರುತ್ತದೆ. ಅಕೇಶಿಯಾ, ಸಿಲ್ವರ್ ಓಕ್‌ನ ನೇರ ತುಂಡುಗಳಿಗೆ ಅಷ್ಟು ಸಾಕು. ಗಂಟು ತುಂಬಿದ ಬುಡದ ತುಂಡು ಬಂದಾಗ ಮಾತ್ರ ಒದ್ದಾಡುತ್ತದೆ. ನಾನು ಕೇಳುವುದು ಬೇರೆ: ನಿಮ್ಮ ಟ್ರ್ಯಾಕ್ಟರ್ ಪಂಪ್ ನಿಮಿಷಕ್ಕೆ ಎಷ್ಟು ಲೀಟರ್ ಆಯಿಲ್ ಕೊಡುತ್ತದೆ? ಯಾರಿಗೂ ಗೊತ್ತಿರುವುದಿಲ್ಲ. ನೇಗಿಲು ಎತ್ತುವಾಗ ಆ ಲೆಕ್ಕ ಬೇಕಾಗುವುದೂ ಇಲ್ಲ ಬಿಡಿ.

ಇಲ್ಲಿ ಬೇಕಾಗುತ್ತದೆ. ಅದೇ ಜಾಕ್ 600 ಮಿ.ಮೀ. ಮುಂದೆ ಹೋಗಲು 4.7 ಲೀಟರ್ ಆಯಿಲ್ ಬೇಕು. ನಿಮಿಷಕ್ಕೆ 20 ಲೀಟರ್ ಬಂದರೆ ಹೋಗಲು 14 ಸೆಕೆಂಡ್, ವಾಪಸ್ ಬರಲು ಹತ್ತು ಚಿಲ್ಲರೆ. ಮನೆ ಒಲೆಯ ಸೌದೆಗೆ ಪರವಾಗಿಲ್ಲ. ಇಡೀ ಸೀಸನ್ನಿನ ರಾಶಿ ಎದುರಿಗಿದ್ದರೆ ನಿಂತವನಿಗೆ ನಿದ್ದೆ ಬರುತ್ತದೆ. ಆಗ "ಪ್ರೆಶರ್ ಸ್ವಲ್ಪ ಏರಿಸು" ಅನ್ನುತ್ತಾರೆ. ಸ್ಪೀಡ್ ಬರುವುದು ಲೀಟರಿನಿಂದ. ಪ್ರೆಶರ್ ಮಿತಿ ಕಾಯುವ ರಿಲೀಫ್ ವಾಲ್ವ್ ತಿರುಗಿಸಿದರೆ ಸ್ಪೀಡ್ ಬರುವುದಿಲ್ಲ, ಹೋಸ್ ಒಡೆಯಬಹುದು ಅಷ್ಟೇ.

ಇನ್ನು ಟಿಪ್ಪಿಂಗ್ ಟ್ರಾಲಿ ಎತ್ತಲು ಟ್ರ್ಯಾಕ್ಟರಿನಿಂದ ಆಯಿಲ್ ಕೊಡುವ ಪೈಪ್. ಅದಕ್ಕೇ ಜೋಡಿಸಿಬಿಡಿ ಎಂದು ಎಲ್ಲರೂ ಹೇಳುತ್ತಾರೆ. ಟ್ರಾಲಿ ತನ್ನ ಭಾರಕ್ಕೆ ಇಳಿದು ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ. ಕಟ್ಟಿಗೆ ಮೆಷಿನ್ನಿನ ಜಾಕ್ ಮಲಗಿರುತ್ತದೆ, ತಾನಾಗಿ ವಾಪಸ್ ಬರುವುದಿಲ್ಲ. ಹಾಗಾಗಿ ಎರಡೂ ಕಡೆ ಆಯಿಲ್ ಹೋಗುವ ಜಾಕ್, ಲಿವರ್ ವಾಲ್ವ್, ಆಯಿಲ್ ಹಿಂತಿರುಗಲು ಬೇರೆ ಪೈಪ್ ಬೇಕು. ಜೊತೆಗೆ ಎಷ್ಟೋ ಟ್ರ್ಯಾಕ್ಟರ್‌ಗಳಲ್ಲಿ ಲಿಫ್ಟಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್. ಹೋಸ್ ಬಾಯಿಗೆ ಮೆತ್ತಿದ ಮಣ್ಣು, ಮರದ ಹುಡಿ ನೇರ ಗೇರ್‌ಬಾಕ್ಸಿಗೇ ಹೋಗುತ್ತದೆ.

ಜಾಸ್ತಿ ಕೆಲಸ ಇರುವವರಿಗೆ ನನ್ನ ಸಲಹೆ ಪಿಟಿಒ (ಟ್ರ್ಯಾಕ್ಟರಿನ ಹಿಂದೆ ತಿರುಗುವ ಶಾಫ್ಟ್) ಪಂಪ್, ಅದಕ್ಕೇ ಬೇರೆ ಆಯಿಲ್ ಟ್ಯಾಂಕ್. ಪಿಟಿಒ ನಿಮಿಷಕ್ಕೆ 540 ಸುತ್ತು. ಒಂದು ಸುತ್ತಿಗೆ 25 ಸಿಸಿ ಆಯಿಲ್ ಕೊಡುವ ಗೇರ್ ಪಂಪನ್ನು ನೇರ ಕೂರಿಸಿದರೆ ಹದಿಮೂರುವರೆ ಲೀಟರ್, ಅಂದರೆ ಮೊದಲಿಗಿಂತ ನಿಧಾನ! ನಡುವೆ ಮೂರು ಪಟ್ಟು ಸ್ಪೀಡ್ ಏರಿಸುವ ಗೇರ್‌ಬಾಕ್ಸ್ ಹಾಕಿದರೆ 40 ಲೀಟರ್ ಸಿಗುತ್ತದೆ. ಇದಕ್ಕೆ 20 ಎಚ್‌ಪಿ ಒಳಗೇ ಸಾಕು, 35 ಎಚ್‌ಪಿ ಟ್ರ್ಯಾಕ್ಟರ್ ಆರಾಮಾಗಿ ಎಳೆಯುತ್ತದೆ. ಪಂಪ್ ಯಾವ ಕಡೆ ತಿರುಗಬೇಕು ಅನ್ನುವುದನ್ನು ಮೊದಲೇ ನೋಡಿ. ಹಿಂದಿನಿಂದ ನೋಡಿದರೆ ಪಿಟಿಒ ಗಡಿಯಾರದ ಮುಳ್ಳಿನಂತೆ ತಿರುಗುತ್ತದೆ, ಒಂದೇ ಜೋಡಿ ಗೇರಿನ ಬಾಕ್ಸ್ ಹಾಕಿದರೆ ಅದು ಉಲ್ಟಾ ಆಗುತ್ತದೆ. ತಪ್ಪು ಪಂಪ್ ತಂದರೆ ಆಯಿಲ್ ಬರುವುದಿಲ್ಲ, ಸೀಲ್ ಕಿತ್ತು ಬರುತ್ತದೆ. ಟ್ಯಾಂಕಿನಿಂದ ಪಂಪಿಗೆ ಬರುವ ಪೈಪ್ ದಪ್ಪಗಿರಲಿ, ಸಣ್ಣದಾದರೆ ಪಂಪ್ ಗೋಳಿಡುತ್ತದೆ. ಶಾಫ್ಟಿನ ಮೇಲೇ ಕೂರುವ ಪಂಪಾದರೆ ಬಾಡಿಯನ್ನು ಟ್ರ್ಯಾಕ್ಟರಿಗೆ ಸರಪಳಿಯಿಂದ ಕಟ್ಟಲೇಬೇಕು, ಇಲ್ಲದಿದ್ದರೆ ಪಂಪೇ ಸುತ್ತಿ ಹೋಸ್ ಕಿತ್ತುಕೊಳ್ಳುತ್ತದೆ.

ಶಾಫ್ಟಿಗೆ ಗಾರ್ಡ್ ಇಲ್ಲದೆ ನಾನು ಮೆಷಿನ್ ಹೊರಗೆ ಕಳಿಸುವುದಿಲ್ಲ. ಸೆಕೆಂಡಿಗೆ ಒಂಬತ್ತು ಸುತ್ತು ತಿರುಗುವ ಶಾಫ್ಟ್ ಪಂಚೆಯ ತುದಿ ಹಿಡಿದರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ. ಲಿವರ್ ಹಿಡಿಯುವವನೇ ಕಟ್ಟಿಗೆಯನ್ನೂ ಇಡಲಿ. ಒಬ್ಬ ತುಂಡು ಹಿಡಿದು ಇನ್ನೊಬ್ಬ ಲಿವರ್ ಎಳೆದರೆ ಬೆರಳು ಹೋಗುತ್ತದೆ. ಹೋಸ್ ಸೋರುತ್ತಿದ್ದರೆ ಕೈಯಿಂದ ಮುಟ್ಟಿ ಹುಡುಕಬೇಡಿ, ರಟ್ಟು ಹಿಡಿದು ನೋಡಿ. ಸೂಜಿ ತೂತಿನಿಂದ ಬರುವ ಆಯಿಲ್ ಚರ್ಮದೊಳಗೆ ನುಗ್ಗುತ್ತದೆ. ಹಾಗಾದರೆ ನೋವಿಲ್ಲದಿದ್ದರೂ ಕೂಡಲೇ ಆಸ್ಪತ್ರೆಗೆ ಹೋಗಿ.

ನೀಲಗಿರಿ ಕಡಿಸಿದವರು ಹಸಿಯಾಗಿದ್ದಾಗಲೇ ಒಡೆಯಿಸಿ. ಒಣಗಿದ ಮೇಲೆ ಹೆಣೆದುಕೊಂಡ ಆ ನಾರನ್ನು ಸೀಳಲು 14 ಟನ್ನೂ ಸಾಲದೆ ಹೋಗಬಹುದು.