ಲ್ಯುಬಿಟೆಲ್‌ನಲ್ಲಿ ಫಿಲ್ಮ್ ಬದಲು ಪೇಪರ್: ಇಲ್ಲಿಯವರೆಗಿನ ಕೆಲಸ

ಫಿಲ್ಮ್ ಬದಲು ಕತ್ತಲೆಕೋಣೆಯಲ್ಲಿ ಚಿತ್ರ ಮುದ್ರಿಸುವ ಪೇಪರನ್ನೇ ಕ್ಯಾಮೆರಾಕ್ಕೆ ಹಾಕಿ ಕಾಗದದ ನೆಗೆಟಿವ್ ತೆಗೆಯುವ ಪ್ರಯೋಗ ಇದು. ಕ್ಯಾಮೆರಾ ಲ್ಯುಬಿಟೆಲ್ 2, ಸೋವಿಯತ್ ಕಾಲದ ರೋಲ್ ಫಿಲ್ಮ್ ಕ್ಯಾಮೆರಾ: 75 ಮಿ.ಮೀ. ಎಫ್ 4.5 ಲೆನ್ಸ್, 1/15ರಿಂದ 1/250 ಸೆಕೆಂಡ್ ಮತ್ತು ಬಿ (ಒತ್ತಿ ಹಿಡಿದಷ್ಟು ಹೊತ್ತು ತೆರೆದಿರುವುದು) ಇರುವ ಶಟರ್. ಪೇಪರ್ 5x7 ಇಂಚಿನ ಮಲ್ಟಿಗ್ರೇಡ್ (ಬೆಳಕಿನ ಬಣ್ಣಕ್ಕೆ ತಕ್ಕಂತೆ ಕಾಂಟ್ರಾಸ್ಟ್, ಅಂದರೆ ಕಪ್ಪುಬಿಳುಪಿನ ಅಂತರ, ಬದಲಾಗುವ) ಆರ್‌ಸಿ (ಪ್ಲಾಸ್ಟಿಕ್ ಲೇಪದ), ಹೊಳಪಿನದು. ಈ ಕ್ಯಾಮೆರಾದಲ್ಲಿ ಶಟರ್ ಸಜ್ಜು ಮಾಡುವ ಕಡ್ಡಿಗೂ ಫಿಲ್ಮ್ ಸುತ್ತುವ ಗುಂಡಿಗೂ ಸಂಬಂಧವೇ ಇಲ್ಲ. ಒಳಗೆ ರೋಲ್ ಇಲ್ಲದಿದ್ದರೂ ಶಟರ್ ಬೀಳುತ್ತದೆ, ಹಾಗಾಗಿ ಬಿಡಿ ತುಂಡು ಹಾಕಲು ಇದಕ್ಕಿಂತ ಸಲೀಸಾದದ್ದು ಬೇಕಿಲ್ಲ. ಚಿತ್ರದ ಅಂಕಿ ನೋಡುವ ಬೆನ್ನಿನ ಕೆಂಪು ಕಿಂಡಿಗೆ ಮಾತ್ರ ಎರಡು ಪದರ ಕಪ್ಪು ಟೇಪ್ ಹಚ್ಚಲೇಬೇಕು. ಪೇಪರ್‌ಗೆ ಕೆಂಪು ಕಾಣುವುದಿಲ್ಲ ಎಂಬುದು ಕತ್ತಲೆಕೋಣೆಯ ಮಂದ ಬೆಳಕಿಗೆ ಹೇಳಿದ ಮಾತು. ಬಿಸಿಲಿಗೆ ಹಿಡಿದ ಕೆಂಪು ಪ್ಲಾಸ್ಟಿಕ್ಕಿಗೆ ಅದು ಅನ್ವಯಿಸುವುದಿಲ್ಲ.

ಮೊದಲ ಹಂತ: ಬಿಡಿ ತುಂಡುಗಳು

127 ಮಿ.ಮೀ. ಅಗಲದ ಹಾಳೆಯಿಂದ 61 ಮಿ.ಮೀ.ನ ಎರಡು ಪಟ್ಟಿ, ಒಂದೊಂದು ಪಟ್ಟಿಯಿಂದ 80 ಮಿ.ಮೀ. ಉದ್ದದ ಎರಡು ತುಂಡು. ಹಾಳೆಗೆ ನಾಲ್ಕು ಚಿತ್ರವಾಯಿತು. ಉಳಿದ ಚೂರುಗಳು ಟೆಸ್ಟ್ ಸ್ಟ್ರಿಪ್‌ಗೆ. ಕೆಂಪು ಬೆಳಕಿನಲ್ಲಿ ಪೆನ್ಸಿಲ್ ಗೆರೆ ಹುಡುಕುತ್ತ ಕೂರುವ ಬದಲು 61 ಮಿ.ಮೀ.ನ ರಟ್ಟು ಮೊದಲೇ ಕತ್ತರಿಸಿಟ್ಟು, ಅದರ ಅಂಚಿಗೆ ಬ್ಲೇಡ್ ಎಳೆಯುವುದು ವಾಸಿ. ತುಸು ಅಗಲ ಹೆಚ್ಚಾದರೂ ಕ್ಯಾಮೆರಾದೊಳಗಿನ ಹಳಿಗಳ ನಡುವೆ ಕೂರದೆ ಬಿಲ್ಲಿನಂತೆ ಉಬ್ಬುತ್ತದೆ.

ದಪ್ಪದ ಚಿಂತೆ ಬೇಡ. ರೋಲ್ ಫಿಲ್ಮ್ ಮತ್ತು ಅದರ ಹಿಂದಿನ ಕಪ್ಪು ಕಾಗದ ಸೇರಿದರೆ ಎಷ್ಟೋ, ಆರ್‌ಸಿ ಪೇಪರ್ ಒಂದೇ ಹೆಚ್ಚುಕಡಿಮೆ ಅಷ್ಟು. ತೊಂದರೆ ಇರುವುದು ಸಪಾಟಾಗಿ ಕೂರಿಸುವುದರಲ್ಲಿ. ರೋಲ್‌ಗೆ ಎರಡೂ ಕಡೆಯಿಂದ ಎಳೆತವಿರುತ್ತದೆ, ತುಂಡಿಗೆ ಇರುವುದಿಲ್ಲ. 60 ಮಿ.ಮೀ. ಉದ್ದಕ್ಕೆ ಕತ್ತರಿಸಿದಾಗ ನಡು ಭಾಗವೇ ಮಸುಕಾಗಿತ್ತು. 80ಕ್ಕೆ ಏರಿಸಿ ಎರಡೂ ತುದಿ ಒತ್ತುಪಟ್ಟಿಯ ಕೆಳಗೆ ಸಿಕ್ಕಿಸಿದ ಮೇಲೆ ಸರಿಹೋಯಿತು. ಆದರೂ ಲೆನ್ಸ್‌ನ ಕಿಂಡಿಯನ್ನು ಎಫ್ 8ಕ್ಕಿಂತ ಹೆಚ್ಚು ತೆರೆಯುವುದು ಬೇಡ. ಎಫ್ 8ರಲ್ಲಿ ಪೇಪರ್ ಹಿಂದೆ ಮುಂದೆ 0.4 ಮಿ.ಮೀ. ಸರಿದರೂ ಕಣ್ಣಿಗೆ ಗೊತ್ತಾಗುವುದಿಲ್ಲ, ಎಫ್ 4.5ರಲ್ಲಿ ಈ ಸಡಿಲು ಸುಮಾರು ಅರ್ಧಕ್ಕೆ ಇಳಿಯುತ್ತದೆ.

ವೇಗ

ಮಟಮಟ ಮಧ್ಯಾಹ್ನದ ಬಿಸಿಲಿಗೆ ಪೇಪರ್‌ನ ಐಎಸ್‌ಒ (ಬೆಳಕಿಗೆ ಸ್ಪಂದಿಸುವ ವೇಗ) 6 ಎಂದು ಹಿಡಿದರೆ ಎಫ್ 8ಕ್ಕೆ 1/30. ಮೋಡವಿದ್ದರೆ 3 ಎಂದು ಹಿಡಿದು, ಮೀಟರ್ ಹೇಳಿದಂತೆ ಬಿ ಮತ್ತು ಟ್ರೈಪಾಡ್. ಸಂಜೆಯ ಹೊಂಬಿಸಿಲನ್ನು ಮಾತ್ರ ನಂಬಬಾರದು. ಮೀಟರ್ ಕೆಂಪನ್ನೂ ಎಣಿಸುತ್ತದೆ, ಪೇಪರ್ ನೀಲಿ ಮತ್ತು ಹಸಿರನ್ನಷ್ಟೇ ಎಣಿಸುತ್ತದೆ. ಐದು ಗಂಟೆಯ ನಂತರ ಮೀಟರ್ ಹೇಳಿದ್ದಕ್ಕಿಂತ ಒಂದರಿಂದ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು) ಹೆಚ್ಚು ಕೊಡಬೇಕು. ಇದೇ ಕಾರಣಕ್ಕೆ ಕೆಮ್ಮಣ್ಣಿನ ರಸ್ತೆ, ಮಂಗಳೂರು ಹೆಂಚು, ಕುಂಕುಮ ಎಲ್ಲ ಕಪ್ಪಾಗಿ, ನೀಲಿ ಆಕಾಶ ಬಿಳಿ ಗೋಡೆಯಾಗಿ ಬರುತ್ತದೆ. 1854ರ ಕೊನೆಯಲ್ಲಿ ಬೇಲೂರು, ಹಳೇಬೀಡುಗಳ ಗುಡಿಗಳನ್ನು ಕಾಗದದ ನೆಗೆಟಿವ್‌ನಲ್ಲಿ ಹಿಡಿದ ಬ್ರಿಟಿಷ್ ಛಾಯಾಗ್ರಾಹಕ ಲಿನೇಯಸ್ ಟ್ರೈಪ್‌ನನ್ನು ಕಾಡಿದ್ದೂ ಇದೇ ಆಕಾಶ. ಮುಂದೆ ಆತ ನೆಗೆಟಿವ್ ಮೇಲೆ ಬಣ್ಣ ಹಚ್ಚಿ ಮೋಡ ಬಿಡಿಸುತ್ತಿದ್ದ.

ನಿಜವಾದ ತಲೆನೋವು: ಕಾಂಟ್ರಾಸ್ಟ್

ನಿಧಾನವನ್ನು ಟ್ರೈಪಾಡ್ ನೋಡಿಕೊಳ್ಳುತ್ತದೆ. ಬಿಳಿ ಪಂಚೆ ಉರಿದು, ಜಗಲಿಯ ನೆರಳು ಏನೂ ಇಲ್ಲದಂತಾಗುವುದಕ್ಕೆ ಟ್ರೈಪಾಡ್ ಏನೂ ಮಾಡಲಾರದು. ಮೂರು ದಾರಿ ಹಿಡಿದು ನೋಡಿದ್ದಾಯಿತು.

ಹಳದಿ ಫಿಲ್ಟರ್: ಮಲ್ಟಿಗ್ರೇಡ್ ಪೇಪರ್ ನೀಲಿ ಬೆಳಕಿಗೆ ಗಡುಸಾಗಿ, ಹಸಿರಿಗೆ ಮೆತ್ತಗೆ ಪ್ರತಿಕ್ರಿಯಿಸುತ್ತದೆ. ಅತಿ ಮೆತ್ತನೆಯ 00 ಗ್ರೇಡ್‌ನ ಹಳದಿ ಫಿಲ್ಟರ್‌ನ ತುಂಡು ಲೆನ್ಸ್ ಮುಂದೆ ಅಂಟಿಸಿದರೆ ನೀಲಿ ಸೋಸಿಹೋಗುತ್ತದೆ. ಸುಮಾರು ಎರಡು ಸ್ಟಾಪ್ ಬೆಲೆ ತೆರಬೇಕು. ಹಳೆಯ ಸ್ಥಿರ ಗ್ರೇಡ್ ಪೇಪರ್‌ಗೆ ಈ ಉಪಾಯ ನಡೆಯುವುದಿಲ್ಲ, ಚಿತ್ರ ಇನ್ನಷ್ಟು ನಿಧಾನವಾಗುತ್ತದೆ ಅಷ್ಟೆ.

ಪೂರ್ವ ಫ್ಲ್ಯಾಶ್ (ಚಿತ್ರ ತೆಗೆಯುವ ಮೊದಲೇ ಪೇಪರ್‌ಗೆ ತುಸು ಬೆಳಕು ಕೊಡುವುದು): ಎನ್ಲಾರ್ಜರ್ (ಚಿತ್ರ ಹಿಗ್ಗಿಸುವ ಯಂತ್ರ) ತಲೆ ಮೇಲಕ್ಕೇರಿಸಿ, ಲೆನ್ಸ್ ಎಫ್ 16ಕ್ಕೆ ಇಟ್ಟು, ಒಂದು ಚೂರಿಗೆ ಒಂದೊಂದೇ ಸೆಕೆಂಡ್ ಹೆಚ್ಚಿಸುತ್ತ ಬೆಳಕು ಕೊಟ್ಟು ಡೆವಲಪ್ ಮಾಡಿ. ಮೊದಲ ಬೂದು ನಾಲ್ಕನೆಯ ಸೆಕೆಂಡಿಗೆ ಕಂಡರೆ ಕೊಡಬೇಕಾದ್ದು ಮೂರು. ಎಲ್ಲ ತುಂಡುಗಳಿಗೂ ಇಷ್ಟು ಕೊಟ್ಟು ಆಮೇಲೆ ಕ್ಯಾಮೆರಾಕ್ಕೆ ಹಾಕಬೇಕು. ನೆರಳಿನಿಂದ ಬರುವ ಚೂರುಪಾರು ಬೆಳಕು ಪೇಪರ್‌ನ ಹೊಸ್ತಿಲು ದಾಟುವಂತೆ ಈ ಮೂರು ಸೆಕೆಂಡ್ ತಳ್ಳಿಕೊಡುತ್ತದೆ. ಅತಿಯಾದರೆ ಇಡೀ ನೆಗೆಟಿವ್ ಬೂದಿ ಬಳಿದಂತಿರುತ್ತದೆ.

ತೆಳು ಡೆವಲಪರ್: 1+9 (ಒಂದು ಪಾಲು ಡೆವಲಪರ್‌ಗೆ ಒಂಬತ್ತು ಪಾಲು ನೀರು) ಬದಲು 1+19, ಕಣ್ಣಿಂದ ನೋಡುತ್ತ. 20 ಡಿಗ್ರಿಯಲ್ಲಿ ಎರಡು ನಿಮಿಷದ ಆಸುಪಾಸು, ಬೇಸಿಗೆಯ ನಲ್ಲಿ ನೀರಿನಲ್ಲಿ ಅದಕ್ಕಿಂತ ಬೇಗ. ಕಪ್ಪೇರುತ್ತಿದೆ ಎಂದು ಹೆದರಿ ಅರ್ಧ ನಿಮಿಷಕ್ಕೇ ಎತ್ತಿದರೆ ಆಕಾಶದಲ್ಲಿ ಮಚ್ಚೆ ಮಚ್ಚೆ. ಹಾಗೆ ಎತ್ತಬೇಕೆನಿಸಿದರೆ ತಪ್ಪು ಎಕ್ಸ್‌ಪೋಶರ್‌ನದು.

ಮೂರರಲ್ಲಿ ಒಂದನ್ನೇ ಆರಿಸುವುದಾದರೆ ಫ್ಲ್ಯಾಶ್. ಶಟರ್ ವೇಗಕ್ಕೆ ಕತ್ತರಿ ಬೀಳುವುದಿಲ್ಲ.

ಸ್ಟಾಪ್ ಬಾತ್‌ಗೆ ಅಂಗಡಿಯ ವಿನೆಗರ್ ಒಂದು ಪಾಲು, ನೀರು ಎರಡು ಪಾಲು. ರ‍್ಯಾಪಿಡ್ ಫಿಕ್ಸರ್ 1+4ರಲ್ಲಿ ಒಂದು ನಿಮಿಷ, ತೊಳೆಯಲು ಹರಿಯುವ ನೀರಿನಲ್ಲಿ ಎರಡು ನಿಮಿಷ. ಕೆಂಪು ಬಲ್ಬನ್ನು ಮೊದಲೇ ಪರೀಕ್ಷಿಸಿ: ಪೇಪರ್ ಮೇಲೆ ನಾಣ್ಯ ಇಟ್ಟು ಐದು ನಿಮಿಷ ಬಿಟ್ಟು ಡೆವಲಪ್ ಮಾಡಿದಾಗ ನಾಣ್ಯದ ಗುರುತು ಬಂದರೆ ಬಲ್ಬು ಬದಲಿಸಿ. ಬಣ್ಣ ಬಳಿದ ಬಲ್ಬುಗಳು ಸಾಮಾನ್ಯವಾಗಿ ಇಲ್ಲೇ ಕೈಕೊಡುತ್ತವೆ.

ಪಾಸಿಟಿವ್

ಕಾಂಟ್ಯಾಕ್ಟ್ ಪ್ರಿಂಟ್‌ಗೆ ನೆಗೆಟಿವ್ ಮತ್ತು ಹೊಸ ಪೇಪರ್‌ನ ಎಮಲ್ಷನ್ (ಬೆಳಕು ಹಿಡಿಯುವ ಲೇಪದ ಬದಿ) ಒಂದಕ್ಕೊಂದು ತಾಗಿಸಿ ಗಾಜಿನಡಿ ಒತ್ತಬೇಕು. ಬೆನ್ನ ಮೇಲೆ ತಯಾರಕರ ಹೆಸರು ಅಚ್ಚಾಗಿರುವ ಪೇಪರ್ ಆದರೆ ಆ ಅಕ್ಷರಗಳೂ ಮೂಡುತ್ತವೆ; ಹಿಂಬದಿ ಖಾಲಿ ಇರುವುದನ್ನೇ ಕೊಳ್ಳಿ. ಸ್ಕ್ಯಾನ್ ಮಾಡುವಾಗ ಫಿಲ್ಮ್ ಮೋಡ್ ಬೇಡ, ಮಾಮೂಲಿ ಫೋಟೊದಂತೆ 1200 ಡಿಪಿಐ ಸಾಕು, ಬದಿಗೆ 2600 ಪಿಕ್ಸೆಲ್ ದಾಟುತ್ತದೆ. ಬಣ್ಣ ತಿರುಗಿಸಿದರಷ್ಟೇ ಆಗದು, ಎಡಬಲವನ್ನೂ ತಿರುಗಿಸಬೇಕು. ಅಂಗಡಿಯ ಬೋರ್ಡ್ ಕನ್ನಡಿಯಲ್ಲಿ ಕಂಡಂತಿದ್ದರೆ ಮರೆತದ್ದು ಇದನ್ನೇ.

ಈಗ ನಡೆಯುತ್ತಿರುವುದು: ನಾಲ್ಕು ಚಿತ್ರದ ಪಟ್ಟಿ

8x10 ಹಾಳೆಯ ಉದ್ದಕ್ಕೆ ಕತ್ತರಿಸಿದ 61x254 ಮಿ.ಮೀ. ಪಟ್ಟಿಯಲ್ಲಿ ನಾಲ್ಕು ಚಿತ್ರ ಲೆಕ್ಕಕ್ಕೆ ಹಿಡಿಯುತ್ತವೆ. ಹಳೆಯ ರೋಲ್‌ನ ಕಪ್ಪು ಕಾಗದವನ್ನು ಮುಂದೆ ಹಿಂದೆ 40 ಸೆಂ.ಮೀ.ನಷ್ಟು ಅಂಟಿಸಿ, ಕೆಂಪು ಬೆಳಕಿನಲ್ಲಿ ಸ್ಪೂಲ್‌ಗೆ ಸುತ್ತುವುದು. ಇಡೀ ಉದ್ದಕ್ಕೂ ಕಪ್ಪು ಕಾಗದ ಇಟ್ಟರೆ ಸುರುಳಿ ದಪ್ಪವಾಗಿ ಗುಂಡಿ ಬಿಗಿಯುತ್ತದೆ. ಕಿಂಡಿಯಲ್ಲಿ ಅಂಕಿ ಕಾಣದ ಕಾರಣ ಗುಂಡಿಯ ಸುತ್ತುಗಳನ್ನೇ ಎಣಿಸಬೇಕು. ಸುರುಳಿ ಬೆಳೆದಂತೆ ಒಂದು ಸುತ್ತಿಗೆ ಹೆಚ್ಚು ಪೇಪರ್ ಸರಿಯುವುದರಿಂದ ಪ್ರತಿ ಚಿತ್ರಕ್ಕೂ ಸುತ್ತು ಕಡಿಮೆ. ಸದ್ಯ ಬಗೆಹರಿಯದ್ದು ಕೊನೆಯ ತುದಿ: ಆರ್‌ಸಿ ಪೇಪರ್ ಸ್ಪ್ರಿಂಗಿನಂತೆ ಬಿಚ್ಚಿಕೊಂಡು, ಸ್ಪೂಲ್ ಅಂಚಿನಿಂದ ಬೆಳಕು ನುಗ್ಗಿ ನಾಲ್ಕನೆಯ ಚಿತ್ರದ ಬದಿ ಕಪ್ಪಾಗುತ್ತಿದೆ. ಬಿಚ್ಚುವ ಕೆಲಸ ಸದ್ಯಕ್ಕೆ ಕತ್ತಲೆಕೋಣೆಯಲ್ಲೇ.