ಸ್ಕ್ಯಾನ್ ನಾರ್ಮಲ್ ಬಂದರೂ ಹೊಟ್ಟೆನೋವು ಯಾಕೆ?

“ಸ್ಕ್ಯಾನಿಂಗ್‌ನಾಗ ಏನೂ ಇಲ್ಲಂತ ಬರದೀರಿ, ಮತ್ತ ಹೊಟ್ಟಿನೋವು ಯಾಕ್ರೀ?”

ರಾಯಚೂರಿನಲ್ಲಿ ಸ್ಕ್ಯಾನಿಂಗ್ ಡಾಕ್ಟರ್ ಆಗಿರುವ ನನಗೆ ದಿನಾ ಬರುವ ಪ್ರಶ್ನೆ ಇದು. ಆಸ್ಪತ್ರೆಯಲ್ಲಿ ಕೇಳುತ್ತಾರೆ, ಮದುವೆ ಊಟದ ಪಂಕ್ತಿಯಲ್ಲಿ ಕೇಳುತ್ತಾರೆ, ರಿಪೋರ್ಟಿನ ಫೋಟೋ ವಾಟ್ಸ್ಯಾಪಿಗೆ ಹಾಕಿಯೂ ಕೇಳುತ್ತಾರೆ. ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಮೊದಲನೇದು, “ಏನೂ ಇಲ್ಲ” ಅಂತ ನಾನು ಬರೆದಿಲ್ಲ. ಲಿವರ್, ಪಿತ್ತಕೋಶ, ಕಿಡ್ನಿ, ಗರ್ಭಕೋಶ ಅಂತ ಒಂದೊಂದರ ಹೆಸರು ಹಿಡಿದು, ಅಳತೆ ಸಮೇತ ಬರೆದಿರುತ್ತೇನೆ. ನೀವು ಕೊನೆಯ ಸಾಲು ಮಾತ್ರ ಓದುತ್ತೀರಿ.

ಎರಡನೇದು, ಈ ಸ್ಕ್ಯಾನ್, ಅಂದರೆ ಅಲ್ಟ್ರಾಸೌಂಡ್, ಹೊಟ್ಟೆಯ ಫೋಟೋ ಅಲ್ಲ. ಬಂಡೆ ಎದುರು ಕೂಗಿದರೆ ದನಿ ವಾಪಸ್ ಬರುತ್ತದಲ್ವಾ, ಹಾಗೆ. ನನ್ನ ಕೈಯಲ್ಲಿರುವ ಪ್ರೋಬ್ ಸೆಕೆಂಡಿಗೆ ಸುಮಾರು 20 ಲಕ್ಷದಿಂದ 50 ಲಕ್ಷ ಸಲ ಕಂಪಿಸುವ ಶಬ್ದ ಕಳಿಸುತ್ತದೆ. ನಮ್ಮ ಕಿವಿ ಕೇಳೋದು 20 ಸಾವಿರದವರೆಗೆ ಮಾತ್ರ. ಒಳಗಿನಿಂದ ವಾಪಸ್ ಬಂದ ಶಬ್ದ ಎಷ್ಟು ಹೊತ್ತು ತಗೊಂಡಿತು ಅನ್ನೋದರ ಮೇಲೆ ಮಷಿನ್ ಚಿತ್ರ ಕಟ್ಟುತ್ತದೆ. ಎಕ್ಸ್‌ರೇ ಥರ ರೇಡಿಯೇಷನ್ ಇದರಲ್ಲಿ ಇಲ್ಲ. ಆದರೆ ಗಾಳಿ ಅಡ್ಡ ಬಂದರೆ ಕೆಲಸ ಕೆಟ್ಟಿತು. ಜೆಲ್ ಹಚ್ಚೋದೂ ಚರ್ಮಕ್ಕೂ ಪ್ರೋಬಿಗೂ ನಡುವೆ ಗಾಳಿ ಉಳಿಯಬಾರದು ಅಂತಲೇ. ಕರುಳಲ್ಲಿ ಗ್ಯಾಸ್ ತುಂಬಿದ್ದರೆ ಅದರ ಹಿಂದೆ ಇರೋದು ಕಾಣಲ್ಲ. ಅಸಿಡಿಟಿ ಕಾಣಲ್ಲ. ಹೊಟ್ಟೆಯ ಅಲ್ಸರ್ ನೋಡಬೇಕಾದರೆ ಬಾಯಿಂದ ಕ್ಯಾಮೆರಾ ಇರುವ ನಳಿಗೆ ಇಳಿಸಿ ನೋಡುವ ಎಂಡೋಸ್ಕೋಪಿಯೇ ಬೇಕು. ಮೂತ್ರನಾಳದ ನಡುವೆ ಸಿಕ್ಕಿಕೊಂಡ ಸಣ್ಣ ಕಲ್ಲು ಎಷ್ಟೋ ಸಲ ಇದರಲ್ಲಿ ತಪ್ಪಿಸಿಕೊಂಡು, ಸಿಟಿ ಸ್ಕ್ಯಾನಿನಲ್ಲಿ ಸಿಗುತ್ತದೆ.

ಈ ಪ್ರಶ್ನೆ ಯಾಕೆ ಇಷ್ಟು ಚುಚ್ಚುತ್ತದೆ ಅಂತ ಹೇಳಬೇಕು. ಸಿಂಧನೂರು ಕಡೆಯ ಒಬ್ಬ ಹುಡುಗಿ ಅತ್ತೆಯ ಜೊತೆ ಬಂದಿದ್ದಳು. ಪ್ರತಿ ತಿಂಗಳು ಮುಟ್ಟಾದಾಗ ಎದ್ದು ನಿಲ್ಲಲಾಗದಷ್ಟು ನೋವು. ಸ್ಕ್ಯಾನ್ ನಾರ್ಮಲ್ ಬಂತು. ಅವಳು ಇನ್ನೂ ಸೆರಗಿನಿಂದ ಜೆಲ್ ಒರೆಸಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಅತ್ತೆ ಶುರು ಮಾಡಿದರು: “ನೋಡು, ಡಾಕ್ಟ್ರ ಹೇಳ್ಯಾರ, ಏನಿಲ್ಲಂತ. ನಾಳಿಂದ ಹೊಲಕ್ಕ ನಡಿ.”

ನನಗೆ ಸಿಟ್ಟು ಬಂತು. ನಾನು ಬರೆದ ಕಾಗದ ಆ ಹುಡುಗಿಯ ಮೇಲೆ ಸಾಕ್ಷಿ ಹೇಳುತ್ತಿತ್ತು! ಹೊರಗೆ ಜನ ಕಾಯುತ್ತಿದ್ದರೂ ಅತ್ತೆಯನ್ನು ಕೂರಿಸಿಕೊಂಡೆ. ಎಂಡೋಮೆಟ್ರಿಯೋಸಿಸ್ ಅಂತ ಒಂದು ಕಾಯಿಲೆ ಇದೆ, ಗರ್ಭಕೋಶದ ಒಳಪದರದಂಥದ್ದೇ ಹೊರಗೂ ಬೆಳೆಯುತ್ತದೆ, ಅದರ ಸಣ್ಣ ಸಣ್ಣ ಕಲೆಗಳು ಮಾಮೂಲಿ ಸ್ಕ್ಯಾನಿನಲ್ಲಿ ಕಾಣೋದೇ ಇಲ್ಲ, ಹೆರಿಗೆ ಡಾಕ್ಟರಿಗೆ ತೋರಿಸಲೇಬೇಕು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಂಗಂದ್ರ ಖರೇನ ನೋವು ಐತೇನ್ರೀ?”

“ಐತಿ ಯವ್ವಾ” ಅಂದೆ.

ಈ ಮಷಿನನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಪಿತ್ತಕೋಶದ ಕಲ್ಲನ್ನು ಇದರಲ್ಲಿ ನೋಡಬೇಕು ನೀವು. ಕಪ್ಪು ಪಿತ್ತರಸದ ನಡುವೆ ಬೆಳ್ಳಗೆ ಹೊಳೆಯುವ ಚುಕ್ಕೆ, ಅದರ ಹಿಂದೆ ಉದ್ದಕ್ಕೂ ಕಪ್ಪು ನೆರಳು. “ಎಡಕ್ಕೆ ಹೊರಳ್ರಿ” ಅಂದರೆ ಪೇಷೆಂಟ್ ಹೊರಳಿದ ಹಾಗೆ ಒಳಗೆ ಕಲ್ಲೂ ಉರುಳುತ್ತದೆ. ಉರುಳದೆ ಅಂಟಿಕೊಂಡಿದ್ದರೆ ಅದು ಪಾಲಿಪ್, ಅಂದರೆ ಒಳಗೋಡೆಯಲ್ಲೇ ಬೆಳೆದ ಸಣ್ಣ ಗಂಟು, ಇರಬಹುದಾ ಅಂತ ಯೋಚಿಸುತ್ತೇವೆ. ಖಾಲಿ ಹೊಟ್ಟೆಯಲ್ಲಿ ಬನ್ನಿ ಅನ್ನೋದು ಇದಕ್ಕೇ. ಮಿರ್ಚಿ ಬಜ್ಜಿ ತಿಂದು ಬಂದರೆ ಪಿತ್ತಕೋಶ ಕುಗ್ಗಿಬಿಟ್ಟಿರುತ್ತದೆ, ಆಮೇಲೆ “ಸರಿಯಾಗಿ ನೋಡಲಿಲ್ಲ” ಅಂತ ಬೈಗುಳ ನಮಗೆ.

ಯಾರಾದರೂ ಒಬ್ಬರು “ಈ ಸ್ಕ್ಯಾನಿನಲ್ಲಿ ಯಾವುದು ಕಾಣಲ್ಲ ಡಾಕ್ಟ್ರೇ?” ಅಂತ ಕೇಳಲಿ ಅಂತ ನನಗೆ ಆಸೆ. ಅದಕ್ಕೆ ಎಷ್ಟು ಹೊತ್ತು ಬೇಕಾದರೂ ಕೂತು ಉತ್ತರ ಹೇಳುತ್ತೇನೆ. ನೋವು ಎಲ್ಲಿ, ಊಟಕ್ಕೆ ಮೊದಲೋ ಆಮೇಲೋ, ಮುಟ್ಟಿನ ಹೊತ್ತಿಗೋ, ಉಚ್ಚೆ ಹೋಗುವಾಗಲೋ ಅಂತ ನೀವು ಹೇಳಿದರೆ, ಎಲ್ಲಿ ಜಾಸ್ತಿ ಹುಡುಕಬೇಕು ಅನ್ನೋದು ನನಗೂ ಗೊತ್ತಾಗುತ್ತದೆ. ಚೀಟಿಯಲ್ಲಿ ಬರೀ “ಹೊಟ್ಟೆ ಸ್ಕ್ಯಾನ್” ಅಂತ ಇದ್ದರೆ ಬಾಯಿಬಿಟ್ಟು ಹೇಳಿ.

ನಾರ್ಮಲ್ ಬಂದ ಮೇಲೂ ನೋವು ಹೋಗದಿದ್ದರೆ ರಿಪೋರ್ಟ್ ಹಿಡಿದು, ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟ ಡಾಕ್ಟರ ಹತ್ತಿರ ವಾಪಸ್ ಹೋಗಿ. ಜೊತೆಗೆ ಜ್ವರ, ವಾಂತಿ ಇದ್ದರೆ ಅದೇ ದಿನ ಹೋಗಿ.